ಮುಂಗೈ ಮೇಲಿನ ಬಿಜ್ಜು, ಮುಗಿಲ ಬಿಜ್ಜು

ಗಿಡುಗ ಪಳಗಿಸಿ ಬೇಟೆಯಾಡಿಸುವುದು ಹಳೆಯ ರಾಜವಿನೋದ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಅದಕ್ಕೆ ಜಾಗ ಕೊಟ್ಟ. 1862ರಲ್ಲಿ ಜೆರ್ಡನ್ ಭಾರತದ ಹಕ್ಕಿಗಳ ಬಗ್ಗೆ ಬರೆದಾಗಲೂ ನಮ್ಮ ಬಿಜ್ಜು ಎಂಬ ಗಿಡುಗಕ್ಕೆ ಶಿಕ್ರಾ, ಅದರ ನೆಂಟರಿಗೆ ಬೆಸ್ರಾ, ಬಾಷಾ ಎಂಬ ಬೇಟೆಗಾರರ ಹೆಸರುಗಳೇ ಒದಗಿದವು. ಆ ಬೇಟೆಗಾರರಿಗೇನು, ಹಕ್ಕಿ ಮುಂಗೈ ಮೇಲೇ ಕೂತಿರುತ್ತಿತ್ತು. ಯಾವುದು ಬಿಜ್ಜು, ಯಾವುದು ಬೆಸ್ರಾ ಎಂದು ಗುರುತಿಸಲು ಗಂಟಲಿನ ನಡುಗೆರೆ ಎಷ್ಟು ದಪ್ಪ ಎಂದು ನಿಧಾನವಾಗಿ ನೋಡಬಹುದಿತ್ತು. ನಂದಿಬೆಟ್ಟದ ಅಂಚಿನಲ್ಲಿ ನಿಂತ ನನಗೆ ಆ ಗೆರೆ ಕಂಡರೆ ತಾನೇ! ನಾನು ನಂಬುವುದು ರೆಕ್ಕೆಯನ್ನು. ಅಡಿಭಾಗ ಬಿಳುಚಿ ತುದಿ ಕಪ್ಪಾಗಿದ್ದರೆ ಬೆಳೆದ ಗಂಡು ಬಿಜ್ಜು. ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಗಳ ಮೇಲೂ ಅದೇ. ರೆಕ್ಕೆ ಮೋಟಾಗಿ, ಅಡಿಯಲ್ಲೆಲ್ಲ ದಟ್ಟ ಪಟ್ಟೆಯಿದ್ದರೆ ಕಾಡಿನ ಬೆಸ್ರಾ. ಬಾಷಾ ಚಳಿಗಾಲದ ಅತಿಥಿ, ಬಾಲ ಉದ್ದ. ಎಳೆಯ ಬಿಜ್ಜುಗಳದ್ದೇ ತಕರಾರು: ಎದೆಯ ಕಂದು ಗೀರು ನೋಡಿ ಬೆಸ್ರಾ ಎಂದು ಬರೆದುಕೊಂಡವರು ಕಡಿಮೆಯೇನಿಲ್ಲ.