ಡೀಸೆಲ್ ಪಿಕಪ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೈಕೊಟ್ಟರೆ ರಿಪೇರಿಯೋ, ಬದಲಾವಣೆಯೋ?

“ಹಳೇ ಗಾಡಿಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಬದಲಿಸಬೇಡಿ, ಬದಲಿಸಿದ ವಾರಕ್ಕೇ ಕೈಕೊಡುತ್ತದೆ.” “ಒಮ್ಮೆ ಗೇರ್ ಸ್ಲಿಪ್ ಆಯಿತೆಂದರೆ ರಿಪೇರಿ ದಂಡ, ಇಡೀ ಗೇರ್‌ಬಾಕ್ಸ್ ಬದಲಿಸಿ.” ಇಂಥ ಮಾತುಗಳನ್ನು ನೀವೂ ಕೇಳಿರಬಹುದು. ಇವುಗಳಿಂದ ಜೇಬಿಗೆ ದೊಡ್ಡ ಹೊಡೆತ ಬೀಳುವುದು ಅಮೆರಿಕದಲ್ಲಿ ಡಾಡ್ಜ್ ರಾಮ್, ಫೋರ್ಡ್ ಸೂಪರ್ ಡ್ಯೂಟಿ, ಷೆವರ್ಲೆ ಸಿಲ್ವೆರಾಡೊದಂಥ ಡೀಸೆಲ್ ಪಿಕಪ್ ಟ್ರಕ್ ಇಟ್ಟುಕೊಂಡವರಿಗೆ. ಅಲ್ಲಿ ಈ ಕೆಲಸಕ್ಕೆ ಸಾವಿರಾರು ಡಾಲರ್ ಬೇಕು. ಹಾಗಾಗಿ ಎರಡೂ ಮಾತುಗಳನ್ನು ಸ್ವಲ್ಪ ಬಿಡಿಸಿ ನೋಡೋಣ.

ಡೀಸೆಲ್ ಗಾಡಿಗೇ ಏಕೆ ಈ ಕಷ್ಟ?

ಓಡುವ ಫ್ಯಾನಿನ ಎದುರು ಇನ್ನೊಂದು ಫ್ಯಾನ್ ಇಟ್ಟರೆ ಗಾಳಿಯ ರಭಸಕ್ಕೆ ಅದೂ ತಿರುಗುತ್ತದೆ. ಗಾಳಿಯ ಬದಲು ಆಯಿಲ್ ಇದ್ದರೆ ಅದೇ ಟಾರ್ಕ್ ಕನ್ವರ್ಟರ್. ಎಂಜಿನ್ನಿನ ಬಲ ಇದರ ಮೂಲಕ ಗೇರ್‌ಬಾಕ್ಸ್‌ಗೆ ಬರುತ್ತದೆ. ಒಳಗಿರುವ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದೂ ಅದೇ ಆಯಿಲ್‌ನ ಒತ್ತಡ. ಹಿಡಿತ ಸಾಲದಿದ್ದರೆ ಪ್ಲೇಟು ಜಾರುತ್ತದೆ, ಜಾರಿದರೆ ಬಿಸಿ, ಬಿಸಿಯಾದರೆ ಪ್ಲೇಟಿನ ಪದರವೂ ಆಯಿಲ್ಲೂ ಸುಡುತ್ತವೆ.

ಡೀಸೆಲ್ ಎಂಜಿನ್ ಕಡಿಮೆ ವೇಗದಲ್ಲೇ ಭಾರಿ ತಿರುಚುಬಲ ಕೊಡುತ್ತದೆ. 1989ರಲ್ಲಿ ಡಾಡ್ಜ್ ಪಿಕಪ್‌ಗೆ ಬಂದ 5.9 ಲೀಟರ್ ಕಮ್ಮಿನ್ಸ್ ಎಂಜಿನ್ನಿನ ಬಲ ಸುಮಾರು 540 ನ್ಯೂಟನ್ ಮೀಟರ್. 2007ರಲ್ಲಿ ಬಂದ 6.7 ಲೀಟರ್ ಎಂಜಿನ್ ಆಟೋಮ್ಯಾಟಿಕ್ ಜೊತೆ ಸುಮಾರು 880 ಕೊಡುತ್ತಿತ್ತು. ಆದರೆ ಆ ಹೊತ್ತಿನವರೆಗೂ ಡಾಡ್ಜ್ ಬಳಸುತ್ತಿದ್ದ 48ಆರ್‌ಇ ಗೇರ್‌ಬಾಕ್ಸ್‌ನ ಮೂಲ ವಿನ್ಯಾಸ 1960ರ ದಶಕದ ಕ್ರೈಸ್ಲರ್ ಪೆಟ್ರೋಲ್ ಕಾರುಗಳದ್ದು! ಜನರಲ್ ಮೋಟಾರ್ಸ್ ಬೇರೆ ದಾರಿ ಹಿಡಿದು, 2001ರ ಮಾದರಿಯಿಂದ ವಾಣಿಜ್ಯ ವಾಹನಗಳಿಗೆ ಹೆಸರಾದ ಆಲಿಸನ್ ಕಂಪನಿಯ ಗೇರ್‌ಬಾಕ್ಸ್ ಕೂರಿಸಿತು. ಇದರ ಮೇಲೆ ಮಾಲೀಕರು ಟ್ಯೂನರ್ ಹಾಕಿ ಇನ್ನಷ್ಟು ಬಲ ಎಳೆಯುತ್ತಾರೆ, ಹಿಂದೆ ಟ್ರೇಲರ್ ಕಟ್ಟುತ್ತಾರೆ.

ಆಯಿಲ್ ಬದಲಿಸಿದ್ದೇ ತಪ್ಪೇ?

ಅಲ್ಲ. ಗೇರ್ ಜಾರಲು ಶುರುವಾದ ಮೇಲೆ ಅನೇಕರಿಗೆ ಆಯಿಲ್ ನೆನಪಾಗುತ್ತದೆ. ಅಷ್ಟರಲ್ಲಿ ಕ್ಲಚ್ ಸವೆದು ಹೋಗಿರುತ್ತದೆ. ಹೊಸ ಆಯಿಲ್ ಹಾಕಿದ ವಾರಕ್ಕೆ ಗಾಡಿ ನಿಂತರೆ ಅಪವಾದ ಆಯಿಲ್ ತಲೆಗೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಕಥೆ. ಒಂದು ಮಾತು ಮಾತ್ರ ನಿಜ: ಕೊಳೆ ತುಂಬಿದ ಹಳೇ ಗೇರ್‌ಬಾಕ್ಸ್‌ಗೆ ಯಂತ್ರದಿಂದ ಒತ್ತಡ ಹಾಕಿ ಫ್ಲಶ್ ಮಾಡಿದರೆ, ಎದ್ದ ಕೊಳೆ ವಾಲ್ವ್‌ಗಳಲ್ಲಿ ಸಿಕ್ಕಿಕೊಳ್ಳಬಹುದು. ಪ್ಯಾನ್ ಬಿಚ್ಚಿ, ಫಿಲ್ಟರ್ ಬದಲಿಸಿ, ಹೊಸ ಆಯಿಲ್ ಹಾಕುವುದಕ್ಕೆ ಆ ಭಯವಿಲ್ಲ.

ಆಯಿಲ್ ಬಿಸಿ 20 ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ಆಯಸ್ಸು ಅರ್ಧವಾಗುತ್ತದೆ ಎನ್ನುವ ಪಟ್ಟಿಯೂ ಓಡಾಡುತ್ತದೆ. ಅದು ಸ್ಥೂಲ ಅಂದಾಜು, ಆದರೆ ಬುಡವಿಲ್ಲದ್ದಲ್ಲ. ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಇಮ್ಮಡಿಯಾಗುತ್ತದೆ ಎನ್ನುವ ಹಳೆಯ ಲೆಕ್ಕಕ್ಕೆ ಅದು ಹತ್ತಿರವೇ ಇದೆ.

ಮೊದಲು ಕಳ್ಳನನ್ನು ಹಿಡಿಯಿರಿ

ಗೇರ್ ಸರಿಯಾಗಿ ಬೀಳದಿದ್ದ ಮಾತ್ರಕ್ಕೆ ಗೇರ್‌ಬಾಕ್ಸ್ ಸತ್ತಿದೆ ಎಂದಲ್ಲ. ಆಯಿಲ್ ಮಟ್ಟ ಇಳಿದಿರಬಹುದು. 47ಆರ್‌ಇ, 48ಆರ್‌ಇ ಗೇರ್‌ಬಾಕ್ಸ್‌ಗಳಲ್ಲಿ ಗವರ್ನರ್ ಪ್ರೆಶರ್ ಸೊಲೆನಾಯ್ಡ್ ಮತ್ತು ಅದರ ಸೆನ್ಸರ್ ಹಾಳಾದರೂ ಗೇರ್ ತಡವರಿಸುತ್ತದೆ. ಪ್ಯಾನ್ ಬಿಚ್ಚಿದರೆ ಇವು ಕೈಗೆ ಸಿಗುತ್ತವೆ, ಗೇರ್‌ಬಾಕ್ಸ್ ಇಳಿಸಬೇಕಿಲ್ಲ. ಇನ್ನೂ ವಿಚಿತ್ರವೆಂದರೆ, 1998ರಿಂದ 2002ರವರೆಗಿನ ಕೆಲವು ಡಾಡ್ಜ್ ಡೀಸೆಲ್‌ಗಳಲ್ಲಿ ಆಲ್ಟರ್ನೇಟರ್‌ನ ಡಯೋಡ್ ಕೆಟ್ಟು ವಿದ್ಯುತ್ ಏರಿಳಿತವಾದರೆ, ಟಾರ್ಕ್ ಕನ್ವರ್ಟರ್ ಲಾಕ್ ಆಗುವುದು, ಬಿಡುವುದು ಮತ್ತೆ ಮತ್ತೆ ನಡೆಯುತ್ತದೆ. ಕಾಯಿಲೆ ಬ್ಯಾಟರಿ ಚಾರ್ಜಿಂಗಿನದು, ಬೈಗುಳ ಗೇರ್‌ಬಾಕ್ಸ್‌ಗೆ.

ಆದ್ದರಿಂದ ಕೋಡ್ ಓದಿಸಿ, ಒತ್ತಡ ಅಳೆಸಿ, ಪ್ಯಾನ್ ಬಿಚ್ಚಿಸಿ ನೋಡಿ. ತಳದಲ್ಲಿ ಬೂದಿಯಂಥ ನುಣ್ಣನೆ ಪುಡಿ ತೆಳುವಾಗಿದ್ದರೆ ಅದು ಸಹಜ ಸವೆತ. ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಹೋಗಿದೆ. ಲೋಹದ ಚೂರುಗಳೇ ಸಿಕ್ಕರೆ ಗಟ್ಟಿ ಭಾಗಗಳಿಗೇ ಪೆಟ್ಟಾಗಿದೆ.

ಹಾಗಾದರೆ ಯಾವುದು?

ಕ್ಲಚ್ ಮಾತ್ರ ಸುಟ್ಟಿದ್ದು, ಹೊರಕವಚ ಮತ್ತು ಗೇರುಗಳು ಚೆನ್ನಾಗಿದ್ದು, ಇದೇ ಗೇರ್‌ಬಾಕ್ಸ್ ಬಿಚ್ಚಿ ಪಳಗಿದ ಕೈ ಹತ್ತಿರದಲ್ಲಿದ್ದರೆ ರಿಬಿಲ್ಡ್ ಮಾಡಿಸುವುದು ಒಳ್ಳೆಯದು. ಹೆಚ್ಚು ಬಲ ಎಳೆಯುವ, ಟ್ಯೂನ್ ಮಾಡಿದ ಗಾಡಿಗಂತೂ ಇದೇ ದಾರಿ. ಗಟ್ಟಿ ಕ್ಲಚ್, ಗಟ್ಟಿ ಶಾಫ್ಟ್ ಬೇಕೆಂದು ಹೇಳಿ ಹಾಕಿಸಬಹುದು. ಆದರೆ ರಿಬಿಲ್ಡ್ ಎಂದರೆ ಎಲ್ಲ ಕಡೆಯೂ ಒಂದೇ ಅರ್ಥವಲ್ಲ. ಬರೀ ಕ್ಲಚ್, ಸೀಲು ಬದಲಿಸಿ ಕೊಡುವವರೂ ಇದ್ದಾರೆ. ಏನೇನು ಹೊಸದು ಹಾಕುತ್ತೀರಿ ಎಂದು ಬರೆಸಿಕೊಳ್ಳಿ.

ಕವಚ ಒಡೆದಿದ್ದರೆ, ಒಳಗಿನ ಗೇರು ಮುರಿದಿದ್ದರೆ, ಅಥವಾ ಗಾಡಿ ದುಡಿದರೆ ಮಾತ್ರ ಊಟ ಎನ್ನುವವರಾದರೆ ಕಾರ್ಖಾನೆಯಲ್ಲಿ ಪುನರ್‌ನಿರ್ಮಿಸಿದ ಗೇರ್‌ಬಾಕ್ಸ್ ಲೇಸು. ಕಾಯುವ ದಿನ ಕಡಿಮೆ. ಹಳೆಯದನ್ನು ಮರಳಿಸಿದರೆ ಅದರ ಠೇವಣಿ ವಾಪಸು ಬರುತ್ತದೆ, ಆದರೆ ಕವಚ ಒಡೆದಿದ್ದರೆ ಠೇವಣಿ ಕಳೆಯಬಹುದು, ಮೊದಲೇ ಕೇಳಿ. ವಾರಂಟಿ ದೇಶದಲ್ಲೆಲ್ಲ ನಡೆಯುತ್ತದೆಯೇ, ಮತ್ತೆ ಕೆಟ್ಟರೆ ಇಳಿಸಿ ಏರಿಸುವ ಕೂಲಿ ಯಾರು ಕೊಡುತ್ತಾರೆ ಎಂಬುದನ್ನೂ ಓದಿ. ಗುಜರಿಯಿಂದ ತಂದ ಗೇರ್‌ಬಾಕ್ಸ್ ಅಗ್ಗ, ಆದರೆ ಅದೇ ವಿನ್ಯಾಸ, ಅದೇ ದೌರ್ಬಲ್ಯ. ಮಾರಿಬಿಡುವ ಗಾಡಿಗೆ ಸರಿ, ಅಷ್ಟೇ. ಇನ್ನು ಹಿಮ ಬೀಳುವ ರಾಜ್ಯಗಳಲ್ಲಿ ರಸ್ತೆಗೆ ಸುರಿಯುವ ಉಪ್ಪಿನಿಂದ ಚಾಸಿ ತುಕ್ಕು ತಿಂದಿದ್ದರೆ ಯಾವುದಕ್ಕೂ ದುಡ್ಡು ಸುರಿಯಬೇಡಿ.

ಯಾವುದನ್ನೇ ಆರಿಸಿ, ಆಯಿಲ್ ಕೂಲರ್ ಮತ್ತು ಟಾರ್ಕ್ ಕನ್ವರ್ಟರ್ ಬಗ್ಗೆ ಕೇಳದೆ ಹಣ ಕೊಡಬೇಡಿ. ಹಳೆಯ ಲೋಹದ ಚೂರು ಕೂಲರ್‌ನಲ್ಲಿ ಉಳಿದರೆ ಹೊಸ ಗೇರ್‌ಬಾಕ್ಸ್‌ಗೂ ಅದೇ ಗತಿ.

ನಮ್ಮಲ್ಲಿ ಹೇಗೆ?

ಇನೋವಾ ಕ್ರಿಸ್ಟಾ ಡೀಸೆಲ್ ಆಟೋಮ್ಯಾಟಿಕ್‌ನಲ್ಲಿರುವುದೂ ಟಾರ್ಕ್ ಕನ್ವರ್ಟರ್. ಹಾಗಾಗಿ ಬಿಸಿ ಮತ್ತು ಆಯಿಲ್‌ನ ಮಾತು ಅದಕ್ಕೂ ಸಲ್ಲುತ್ತದೆ. ಆದರೆ ವೋಲ್ವೊ ಲಾರಿಗಳ ಐ-ಶಿಫ್ಟ್‌ನಂಥವು ಬೇರೆ ಜಾತಿ: ಮ್ಯಾನುವಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಹಾಕುವುದು ಕಂಪ್ಯೂಟರ್. ಅಂಥ ಲಾರಿಯವರು ಟಾರ್ಕ್ ಕನ್ವರ್ಟರ್ ಬಗ್ಗೆ ಬಂದ ಸಲಹೆಯನ್ನು ಪಾಲಿಸಹೋಗಬೇಕಿಲ್ಲ.