ಶಕೀಲ್ ಅಹ್ಮದರ ತಂದೆ ಕೋರ್ಟಿಗೆ ಹೋದದ್ದು

2025ರ ಜುಲೈ ತಿಂಗಳಲ್ಲಿ ಡಿ.ಜೆ. ಹಳ್ಳಿ ಗಲಭೆ ಪ್ರಕರಣದ ಮೂವರು ಆರೋಪಿಗಳು ತಪ್ಪೊಪ್ಪಿಕೊಂಡರು. ಎನ್‌ಐಎ ವಿಶೇಷ ನ್ಯಾಯಾಲಯ ಅವರಿಗೆ 7 ವರ್ಷಗಳ ಕಠಿಣ ಶಿಕ್ಷೆ ವಿಧಿಸಿತು. ಕೆಲವು ವಾರಗಳ ನಂತರದ ಒಂದು ಶುಕ್ರವಾರ. ಪೀಣ್ಯದ ಮಸೀದಿಯೊಂದರಲ್ಲಿ ಜುಮಾ ನಮಾಜು ಮುಗಿಸಿ ಚಪ್ಪಲಿ ಹುಡುಕುತ್ತಿದ್ದಾಗ ಪರಿಚಯದ ಹುಡುಗನೊಬ್ಬ ಒಂದು ಹಾಳೆಯನ್ನು ಮುಂದೆ ಹಿಡಿದ. ಲೇತ್ ಮಷೀನಿನ ಎಣ್ಣೆ ಅವನ ಉಗುರುಗಳ ಸಂದಿಯಲ್ಲಿ ಕಪ್ಪಾಗಿ ಕೂತಿತ್ತು. ಆ ಮೂವರ ಉಳಿದ ಶಿಕ್ಷೆಯನ್ನು ಮಾಫಿ ಮಾಡಬೇಕು, ಮಿಕ್ಕವರ ಮೊಕದ್ದಮೆಗಳನ್ನು ಸರಕಾರ ಒಟ್ಟಾಗಿ ಹಿಂದೆಗೆದುಕೊಳ್ಳಬೇಕು ಎಂಬ ಮನವಿ ಅದು.

"ಒಂದು ದಸ್ತಖತ್ ಹಾಕಿ ಸಾಬ್. ನೀವು ಬರೆಯುವವರು, ನಿಮ್ಮ ಹೆಸರಿಗೆ ತೂಕ ಇದೆ" ಎಂದ.

ನಾವು ಸಹಿ ಹಾಕಲಿಲ್ಲ. ಹುಡುಗ ಏನೂ ಅನ್ನದೆ ಹಾಳೆ ಮಡಚಿಕೊಂಡ. ಅವನ ಹಿಂದೆ ನಿಂತಿದ್ದ ಹಿರಿಯರೊಬ್ಬರು ಮಾತ್ರ "ನಮ್ಮವರೇ ನಮ್ಮವರಿಗಾಗದಿದ್ದರೆ..." ಎಂದು ಅರ್ಧಕ್ಕೇ ನಿಲ್ಲಿಸಿ ಹೊರಟುಹೋದರು. ಆ ಅರ್ಧ ಮಾತಿಗೆ ಉತ್ತರ ಕೊಡಬೇಕಾದರೆ ನಾವು 2000ನೇ ಇಸವಿಗೆ ಹೋಗಬೇಕು.

ಆ ವರ್ಷದ ಜುಲೈ 30ರ ರಾತ್ರಿ ವೀರಪ್ಪನ್ ಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ಎತ್ತಿಕೊಂಡು ಹೋದ. ಆ ದಿನಗಳನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಬೆಂಗಳೂರಿನಲ್ಲಿ ಅಂಗಡಿ ಮುಚ್ಚಿದವು, ಚಿತ್ರಮಂದಿರ ಮುಚ್ಚಿದವು, ದೇವಸ್ಥಾನ, ದರ್ಗಾ, ಚರ್ಚುಗಳಲ್ಲಿ ಪ್ರಾರ್ಥನೆಗಳು ನಡೆದವು. ವೀರಪ್ಪನ್ ಕಳಿಸಿದ ಬೇಡಿಕೆಗಳಲ್ಲಿ ಒಂದು, ಮೈಸೂರಿನ ಜೈಲಿನಲ್ಲಿ ಟಾಡಾ ಕಾಯಿದೆಯಡಿ ಬಂಧಿತರಾಗಿದ್ದ 51 ಜನರ ಬಿಡುಗಡೆ. ಎಸ್.ಎಂ. ಕೃಷ್ಣ ಅವರ ಸರಕಾರ ಒಪ್ಪಿತು. ಆಗಸ್ಟ್ ತಿಂಗಳಲ್ಲಿ ಸರಕಾರದ ವಿಶೇಷ ಅಭಿಯೋಜಕರು ಟಾಡಾ ಆರೋಪಗಳನ್ನು ಹಿಂದೆಗೆದುಕೊಳ್ಳುವ ಅರ್ಜಿ ಹಾಕಿದರು. ಮೈಸೂರಿನ ವಿಶೇಷ ನ್ಯಾಯಾಲಯ ಅನುಮತಿ ಕೊಟ್ಟಿತು. ಜಾಮೀನೂ ಆಯಿತು. ಇನ್ನು ಜೈಲಿನ ಬಾಗಿಲು ತೆಗೆಯುವುದೊಂದೇ ಬಾಕಿ.

ಆಗ ಒಬ್ಬ ಮುದುಕರು ಸುಪ್ರೀಂ ಕೋರ್ಟಿಗೆ ಹೋದರು. ಹೆಸರು ಅಬ್ದುಲ್ ಕರೀಂ. ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು. ಅವರ ಮಗ ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್. 1992ರ ಆಗಸ್ಟ್ 14ರಂದು, ಸ್ವಾತಂತ್ರ್ಯ ದಿನದ ಮುನ್ನಾದಿನ, ಕೊಳ್ಳೇಗಾಲ ಸೀಮೆಯ ಮೀಣ್ಯಂ ಬಳಿ ಮೈಸೂರು ಎಸ್‌ಪಿ ಟಿ. ಹರಿಕೃಷ್ಣ ಅವರ ಜೊತೆ ಹೊಂಚು ದಾಳಿಯಲ್ಲಿ ಸತ್ತವರು. ಸುಳ್ಳು ಸುಳಿವು ಕೊಟ್ಟು ಕಾಡಿಗೆ ಕರೆಸಿಕೊಂಡು ಗುಂಡಿಟ್ಟಿದ್ದರು. ಜೊತೆಗಿದ್ದ ಪೇದೆಗಳೂ ಉಳಿಯಲಿಲ್ಲ.

ನಾವು ಕತೆ ಬರೆಯುವವರು. ಎಂಟು ವರ್ಷ ಹಿಂದೆ ಮಗನನ್ನು ಮಣ್ಣು ಮಾಡಿದ ಆ ತಂದೆಯ ಮನಸ್ಸಿನಲ್ಲಿ ಏನಿತ್ತು ಎಂದು ಬರೆಯಲು ಕೈ ತುಡಿಯುತ್ತದೆ. ಆದರೆ ಇದು ಕತೆಯಲ್ಲ. ಅವರು ಹೇಳದ್ದನ್ನು ನಾವು ಹೇಳುವಂತಿಲ್ಲ. ಕಣ್ಣಿಗೆ ಕಾಣುವಷ್ಟನ್ನು ಹೇಳಬಹುದು: ಇಡೀ ನಾಡು ಒಬ್ಬರ ಜೀವಕ್ಕಾಗಿ ಕಣ್ಣೀರಿಡುತ್ತಿದ್ದಾಗ, ಬಿಡುಗಡೆಗೆ ಅಡ್ಡ ಬಂದವನು ಅಣ್ಣಾವ್ರ ಜೀವಕ್ಕೇ ಅಡ್ಡ ಬಂದವನು ಎಂದು ತೋರುವ ಹೊತ್ತಿನಲ್ಲಿ, ಒಬ್ಬ ಮುಸಲ್ಮಾನ ತಂದೆ ಅರ್ಜಿ ಹಿಡಿದು ದಿಲ್ಲಿಗೆ ಹೋಗುವುದು ಸಣ್ಣ ಮಾತಲ್ಲ.

ಸುಪ್ರೀಂ ಕೋರ್ಟು ಬಿಡುಗಡೆಯನ್ನು ತಡೆಯಿತು. ನವೆಂಬರ್ 7ರಂದು ನ್ಯಾಯಮೂರ್ತಿ ಎಸ್.ಪಿ. ಭರೂಚಾ ಅವರಿದ್ದ ಮೂವರ ಪೀಠ ತೀರ್ಪು ಕೊಟ್ಟಿತು. ಮೊಕದ್ದಮೆ ಹಿಂದೆಗೆದುಕೊಳ್ಳುವ ಅಧಿಕಾರ ಅಭಿಯೋಜಕನದು. ಅವನು ತನ್ನ ಬುದ್ಧಿಯನ್ನು ಉಪಯೋಗಿಸಿ, ನ್ಯಾಯದ ಹಿತಕ್ಕೆ ಇದು ಬೇಕೇ ಎಂದು ತಾನೇ ತೀರ್ಮಾನಿಸಬೇಕು. ಮೇಲಿನವರು ಹೇಳಿದರೆಂದು ಸಹಿ ಹಾಕುವ ಗುಮಾಸ್ತ ಅವನಲ್ಲ. ಅನುಮತಿ ಕೊಡುವ ನ್ಯಾಯಾಲಯವೂ ಅಷ್ಟೇ. ಮೈಸೂರಿನ ಆದೇಶ ರದ್ದಾಯಿತು. ತೀರ್ಪು ಬಂದ ಎಂಟನೇ ದಿನ, 108 ದಿನಗಳ ವನವಾಸ ಮುಗಿಸಿ ರಾಜ್‌ಕುಮಾರ್ ಬಿಡುಗಡೆಯಾದರು. ಹೇಗೆ ಎಂಬುದು ಬೇರೆಯೇ ಚರ್ಚೆ. ಆ 51 ಜನರು ಹೊರಬರದಿದ್ದರೂ ಅವರು ಬಂದರು ಎಂಬುದಷ್ಟೇ ಇಲ್ಲಿ ಮುಖ್ಯ.

ಇಷ್ಟಕ್ಕೇ ನಿಲ್ಲಿಸಿದರೆ ನಮ್ಮ ವಾದ ಗೆದ್ದಂತೆ ಕಾಣುತ್ತದೆ. ಆದರೆ ಮೈಸೂರಿನ ಜೈಲಿನಲ್ಲಿದ್ದವರು ಯಾರು? ಹೆಚ್ಚಿನವರು ಕಾಡಂಚಿನ ಬಡವರು, ಗಂಡಸರು, ಹೆಂಗಸರು. ವೀರಪ್ಪನ್‌ಗೆ ಅಕ್ಕಿ ಕೊಟ್ಟರು, ದಾರಿ ತೋರಿಸಿದರು ಎಂದು ಎಳೆದು ತರಲ್ಪಟ್ಟವರು. 2001ರ ಸೆಪ್ಟೆಂಬರ್‌ನಲ್ಲಿ ಟಾಡಾ ನ್ಯಾಯಾಲಯ ತೀರ್ಪು ಕೊಟ್ಟಾಗ 100ಕ್ಕೂ ಹೆಚ್ಚು ಜನ ನಿರ್ದೋಷಿಗಳೆಂದು ಹೊರಬಂದರು. ಅಷ್ಟು ಹೊತ್ತಿಗೆ ಎಷ್ಟೋ ಜನರ ಬದುಕಿನ ಎಂಟು ವರ್ಷಗಳು ಗೋಡೆಯ ಒಳಗೆ ಕಳೆದುಹೋಗಿದ್ದವು. ಕಾರ್ಯಪಡೆಯ ಶಿಬಿರಗಳಲ್ಲಿ ನಡೆದ ಹಿಂಸೆಯನ್ನು ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ವಿಚಾರಿಸಿತು. 2007ರಲ್ಲಿ ಮಾನವ ಹಕ್ಕುಗಳ ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಹಾಗಾದರೆ ಅಬ್ದುಲ್ ಕರೀಂ ಅವರು ನಿರಪರಾಧಿಗಳ ಬಿಡುಗಡೆಗೆ ಅಡ್ಡ ಬಂದರೇ?

ಈ ಪ್ರಶ್ನೆಯ ಮುಂದೆ ನಾವು ಬಹಳ ದಿನ ಕುಳಿತಿದ್ದೇವೆ. ಅವರನ್ನು ಬಿಡಲು ಹೊರಟ ಸರಕಾರ ಅವರು ನಿರಪರಾಧಿಗಳೆಂದು ಬಿಡಲು ಹೊರಟಿರಲಿಲ್ಲ. ಕೊಂದವನನ್ನೂ ಅಕ್ಕಿ ಕೊಟ್ಟವಳನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಒಬ್ಬ ಅಪಹರಣಕಾರನಿಗೆ ಬೆಲೆಯಾಗಿ ತೆರಲು ಹೊರಟಿತ್ತು. ಹಾಗೆ ಹೊರಬಂದಿದ್ದರೆ ಆ ಹೆಂಗಸರು ಊರಿನವರ ಕಣ್ಣಿಗೆ ಸಾಯುವತನಕ ವೀರಪ್ಪನ್‌ನ ಕಡೆಯವರಾಗಿಯೇ ಇರುತ್ತಿದ್ದರು. ವಿಚಾರಣೆ ಅವರಿಗೆ ಕೊಟ್ಟದ್ದು ಒಂದು ಕಾಗದ: ಇವರು ತಪ್ಪು ಮಾಡಿಲ್ಲ. ಆ ಕಾಗದಕ್ಕೆ ಎಂಟು ವರ್ಷ ಹಿಡಿದದ್ದು ಅನ್ಯಾಯ. ಆ ಅನ್ಯಾಯಕ್ಕೆ ಮದ್ದು ವಿಚಾರಣೆಯನ್ನು ಬೇಗ ಮುಗಿಸುವುದೇ ಹೊರತು ಮುಚ್ಚಿಹಾಕುವುದಲ್ಲ.

ಅದೇ ವೀರಪ್ಪನ್ ಪ್ರಕರಣಗಳಲ್ಲಿ ಕ್ಷಮೆಯ ಇನ್ನೊಂದು ಮುಖವೂ ಇದೆ. 1993ರ ಏಪ್ರಿಲ್ 9ರ ಪಾಲಾರ್ ಸ್ಫೋಟದಲ್ಲಿ 22 ಜನ ಸತ್ತಿದ್ದರು. ಶಿಕ್ಷೆಯಾದವರಲ್ಲಿ ನಾಲ್ವರಿಗೆ 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಜೀವಾವಧಿಯನ್ನು ಮರಣದಂಡನೆಗೆ ಏರಿಸಿತು. ದಯಾ ಅರ್ಜಿ ಒಂಬತ್ತು ವರ್ಷ ಕಡತದಲ್ಲಿ ಮಲಗಿ 2013ರ ಫೆಬ್ರವರಿಯಲ್ಲಿ ತಿರಸ್ಕೃತವಾಯಿತು. 2014ರ ಜನವರಿ 21ರಂದು ಅದೇ ವಿಳಂಬದ ಕಾರಣಕ್ಕೆ ಸುಪ್ರೀಂ ಕೋರ್ಟು ನೇಣನ್ನು ಜೀವಾವಧಿಗೆ ಇಳಿಸಿತು. ಅದನ್ನು ನಾವು ಸ್ವಾಗತಿಸಿದವರು. ಜೀವ ತೆಗೆಯುವ ಶಿಕ್ಷೆಯನ್ನು ತಡೆಯುವುದು ಬೇರೆ, ಆದ ಅಪರಾಧವೇ ಆಗಲಿಲ್ಲವೆಂಬಂತೆ ಕೈ ತೊಳೆದುಕೊಳ್ಳುವುದು ಬೇರೆ.

ಈಗ ಡಿ.ಜೆ. ಹಳ್ಳಿಗೆ ಬರೋಣ. 2020ರ ಆಗಸ್ಟ್ 11ರ ರಾತ್ರಿ. ಪ್ರವಾದಿಯವರನ್ನು ಹೀಯಾಳಿಸಿದ ಫೇಸ್‌ಬುಕ್ ಬರಹವೊಂದರಿಂದ ಹೊತ್ತಿದ ಕಿಚ್ಚು. ಬರೆದವನು ಶಾಸಕರ ಸಂಬಂಧಿ ಎಂಬ ಕಾರಣಕ್ಕೆ ಕಾವಲ್ ಭೈರಸಂದ್ರದಲ್ಲಿ ಶಾಸಕ ಅಖಂಡ ಶ್ರೀನಿವಾಸಮೂರ್ತಿಯವರ ಮನೆಗೆ ಬೆಂಕಿ ಬಿತ್ತು. ಬರೆದವನು ಅವರಲ್ಲ. ಅವರು ದಲಿತರು, ನಮ್ಮವರ ಮತದಿಂದಲೂ ಗೆದ್ದವರು. ಎರಡು ಪೊಲೀಸ್ ಠಾಣೆಗಳ ಮೇಲೆ ದಾಳಿಯಾಯಿತು. ಗೋಲಿಬಾರಿನಲ್ಲಿ ಮೂವರು ಯುವಕರು ಅಂದೇ ಸತ್ತರು. ಮುನ್ನೂರಕ್ಕೂ ಹೆಚ್ಚು ಜನರ ಬಂಧನವಾಯಿತು, ಯುಎಪಿಎ ಹೇರಿದರು, ಎನ್‌ಐಎ ಬಂತು. ಅದೇ ರಾತ್ರಿ ಅಲ್ಲಿಯ ಹನುಮಂತನ ಗುಡಿಯ ಸುತ್ತ ನಮ್ಮ ಹುಡುಗರೇ ಕೈ ಕೈ ಹಿಡಿದು ಕಾವಲು ನಿಂತಿದ್ದರು. ಆ ಚಿತ್ರವನ್ನು ನಾವೆಲ್ಲ ಹೆಮ್ಮೆಯಿಂದ ಹಂಚಿಕೊಂಡೆವು. ಗುಡಿ ಕಾದವನನ್ನೂ ಮನೆ ಸುಟ್ಟವನನ್ನೂ "ನಮ್ಮ ಹುಡುಗರು" ಎಂಬ ಒಂದೇ ಮಾತಿನಲ್ಲಿ ಸೇರಿಸಿದರೆ ನಷ್ಟ ಯಾರಿಗೆ? ಕಾದವನಿಗೇ.

ಯುಎಪಿಎ ಹೇರಿದ್ದು ಅತಿಯಾಯಿತೆಂದು ನಾವು ಅಂದೂ ಹೇಳಿದ್ದೇವೆ, ಇಂದೂ ಹೇಳುತ್ತೇವೆ. 2023ರಲ್ಲಿ ಶಾಸಕ ತನ್ವೀರ್ ಸೇಠ್ ಗೃಹಸಚಿವರಿಗೆ ಪತ್ರ ಬರೆದಾಗ ಅವರು ಕೇಳಿದ್ದು ಅಮಾಯಕರ ಮೇಲಿನ ಮೊಕದ್ದಮೆಗಳ ವಿಷಯ. ಅದು ಸರಿಯಾದ ಕಾಳಜಿಯೇ. ಆದರೆ ಅಮಾಯಕರಾರು ಎಂದು ತೀರ್ಮಾನಿಸುವವರು ಯಾರು? ಸಚಿವ ಸಂಪುಟವೇ? ಸಂಪುಟದ ತಕ್ಕಡಿಯಲ್ಲಿ ತೂಗುವುದು ಮತ. ತಪ್ಪೊಪ್ಪಿಕೊಂಡ ಮೂವರ ಬಗ್ಗೆಯಂತೂ ಅಮಾಯಕತೆಯ ಪ್ರಶ್ನೆಯೇ ಇಲ್ಲ. ಅವರು ಸುಮಾರು 5 ವರ್ಷ ಒಳಗಿದ್ದವರು. ಕಾಯಿದೆಯಂತೆ ಆ ದಿನಗಳು ಶಿಕ್ಷೆಗೆ ಸೇರುತ್ತವೆ. ಉಳಿದ ಅಷ್ಟನ್ನು ಅನುಭವಿಸಿ ಹೊರಬಂದರೆ ಅವರು ಋಣ ತೀರಿಸಿದವರು. ಮಾಫಿಯ ಮೇಲೆ ಬಂದರೆ, ಸರಕಾರ ಬದಲಾದಾಗಲೆಲ್ಲ ಅವರ ಹೆಸರು ಚುನಾವಣಾ ಭಾಷಣದಲ್ಲಿ ಬರುತ್ತದೆ.

ನಮ್ಮ ಧರ್ಮಶಾಸ್ತ್ರ ಇದನ್ನು ಬಹಳ ಹಿಂದೆಯೇ ಯೋಚಿಸಿದೆ. ಖಿಸಾಸ್‌ನ ವಿಷಯದಲ್ಲಿ ಕ್ಷಮಿಸುವ ಹಕ್ಕು ಕೊಲೆಯಾದವನ ವಾರಸುದಾರರದು. ಬಾದಶಹ ಅವರ ಪರವಾಗಿ ಉದಾರಿಯಾಗುವಂತಿಲ್ಲ. ದಾರಿಹೋಕರನ್ನೆಲ್ಲ ಭಯಕ್ಕೆ ದೂಡುವ ಹಿರಾಬಾದಂಥ ಅಪರಾಧವಾದರೆ ವಾರಸುದಾರರು ಕ್ಷಮಿಸಿದರೂ ಶಿಕ್ಷೆ ನಿಲ್ಲುವುದಿಲ್ಲ ಎಂಬುದು ಬಹುತೇಕ ಫುಕಹಾಗಳ ಮತ, ಏಕೆಂದರೆ ನೊಂದದ್ದು ಒಂದು ಮನೆಯಲ್ಲ, ಊರು. ಸಿಕ್ಕಿಬೀಳುವ ಮೊದಲೇ ಪಶ್ಚಾತ್ತಾಪ ಪಟ್ಟವನಿಗೆ ವಿನಾಯಿತಿ ಉಂಟು; ಆದರೂ ಅವನಿಂದ ನಷ್ಟ ಅನುಭವಿಸಿದವನ ಹಕ್ಕು ಹಾಗೆಯೇ ಉಳಿಯುತ್ತದೆ. ಕಲ್ಲೆಸೆದವರೆಲ್ಲ ಹಿರಾಬಾದ ಅಪರಾಧಿಗಳು ಎಂದು ನಾವು ಫತ್ವಾ ಕೊಡುತ್ತಿಲ್ಲ, ಆ ಯೋಗ್ಯತೆಯೂ ನಮಗಿಲ್ಲ. ಕ್ಷಮೆ ಯಾರ ಸ್ವತ್ತು ಎಂದು ಕೇಳುತ್ತಿದ್ದೇವೆ.

ನಾವಿರುವ ಈ ಕೈಗಾರಿಕಾ ಸೀಮೆಗೂ ಇದು ಹೊಸದಲ್ಲ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ನಿಯಮ ಬದಲಾಯಿಸಿದ್ದಕ್ಕೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಯಲ್ಲೂ ಜಾಲಹಳ್ಳಿ ಕ್ರಾಸಿನಲ್ಲೂ ಬೀದಿಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಮಣಿಯಿತು. ನ್ಯಾಯವಾದ ಹೋರಾಟ. ಆದರೆ ಹೆಬ್ಬಗೋಡಿ ಠಾಣೆಯ ಮುಂದೆ ಸುಟ್ಟ ವಾಹನಗಳ ಮಾಲೀಕರ ಮಾತನ್ನು ನಮ್ಮ ಬೀದಿಯಲ್ಲಿ ಯಾರೂ ಎತ್ತಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 12ರಂದು ಕಾವೇರಿ ಹೆಸರಿನಲ್ಲಿ ನಾಯಂಡಹಳ್ಳಿ ಬಳಿಯ ಡಿಪೋ ಒಂದರಲ್ಲಿ 40ಕ್ಕೂ ಹೆಚ್ಚು ಬಸ್ಸುಗಳು ಬೂದಿಯಾದವು. ಹೆಗ್ಗನಹಳ್ಳಿಯಲ್ಲಿ ಗೋಲಿಬಾರಿಗೆ 25ರ ಯುವಕ ಬಲಿಯಾದ. ಪೀಣ್ಯವೂ ಸೇರಿ 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ. ತಮಿಳು ಮಾತಾಡುವ ನೆರೆಯವರು ಬಾಗಿಲು ಹಾಕಿಕೊಂಡು ಕೂತದ್ದನ್ನು ನಾವು ಕಂಡಿದ್ದೇವೆ. 1991ರ ಡಿಸೆಂಬರನ್ನು ಕಂಡಿದ್ದ ಹಿರಿಯರು ಆಗಲೇ ಗಂಟು ಕಟ್ಟಿಟ್ಟಿದ್ದರು.

ಸರಕಾರಗಳ ಚಾಳಿ ಮಾತ್ರ ಒಂದೇ. 2015ರಲ್ಲಿ ಕಾಂಗ್ರೆಸ್ ಸರಕಾರ ಸುಮಾರು 1,600 ಜನರ ಮೇಲಿದ್ದ 175 ಪ್ರಕರಣಗಳನ್ನು ಕೈಬಿಟ್ಟಿತು. 2020ರ ಆಗಸ್ಟ್‌ನಲ್ಲಿ ಬಿಜೆಪಿ ಸರಕಾರ ತನ್ನ ಸಚಿವರು, ಶಾಸಕರೂ ಸೇರಿದ್ದ 61 ಪ್ರಕರಣಗಳನ್ನು ಕೈಬಿಡಲು ಹೊರಟಾಗ ಪಿಯುಸಿಎಲ್ ಹೈಕೋರ್ಟಿಗೆ ಹೋಗಿ ತಡೆ ತಂದಿತು. 2024ರ ಅಕ್ಟೋಬರ್‌ನಲ್ಲಿ ಮತ್ತೆ ಕಾಂಗ್ರೆಸ್ಸು 43 ಪ್ರಕರಣಗಳನ್ನು ಹಿಂದೆಗೆದುಕೊಂಡಿತು; 2022ರ ಹಳೇಹುಬ್ಬಳ್ಳಿ ಠಾಣೆಯ ದಾಳಿ ಅದರಲ್ಲಿತ್ತು. 2025ರ ಮೇ ತಿಂಗಳಲ್ಲಿ ಹೈಕೋರ್ಟು ಅದನ್ನು ರದ್ದುಮಾಡಿತು. 61ಕ್ಕೆ ತಡೆ ಬಂದಾಗ ಚಪ್ಪಾಳೆ ಹೊಡೆದ ನಮ್ಮ ಗೆಳೆಯರಲ್ಲಿ ಕೆಲವರು 43 ರದ್ದಾದಾಗ ಕೋರ್ಟನ್ನು ಬೈದರು.

ಇನ್ನು ಬಿಲ್ಕೀಸ್ ಬಾನು. 2022ರ ಆಗಸ್ಟ್ 15ರಂದು ಗುಜರಾತ್ ಸರಕಾರ 11 ಅಪರಾಧಿಗಳಿಗೆ ಶಿಕ್ಷೆ ಮಾಫಿ ಮಾಡಿ ಹೊರಬಿಟ್ಟಾಗ ನಾವು ಎಷ್ಟು ಸಭೆಗಳಲ್ಲಿ ಮಾತಾಡಿದೆವು! 2024ರ ಜನವರಿ 8ರಂದು ಸುಪ್ರೀಂ ಕೋರ್ಟು ಆ ಮಾಫಿಯನ್ನು ಕಿತ್ತುಹಾಕಿ ಅವರನ್ನು ಮತ್ತೆ ಜೈಲಿಗೆ ಕಳಿಸಿದಾಗ ಮಿಠಾಯಿ ಹಂಚಿದವರನ್ನೂ ಕಂಡೆವು. ಆ ಅಪರಾಧಕ್ಕೂ ಡಿ.ಜೆ. ಹಳ್ಳಿಗೂ ಹೋಲಿಕೆಯಿಲ್ಲ, ನಿಜ. ಆದರೆ ನೊಂದವರನ್ನು ಕೇಳದೆ ಮಾಫಿ ಕೊಡಬೇಡಿ ಎಂದು ಅಂದು ಹೇಳಿದ ನಾಲಗೆ ಇಂದು ಶ್ರೀನಿವಾಸಮೂರ್ತಿಯವರ ಸುಟ್ಟ ಮನೆಯ ಮುಂದೆ ಏನು ಹೇಳಬೇಕು?

ಅಬ್ದುಲ್ ಕರೀಂ ದಿಲ್ಲಿಯವರೆಗೆ ಹೋಗಿ ಹೇಳಬೇಕಾದ ಮಾತಿಗೆ ಈಗ ಕಾಯಿದೆಯಲ್ಲೇ ಜಾಗ ಸಿಕ್ಕಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 360ನೇ ಕಲಮಿನಂತೆ, ನೊಂದವನಿಗೆ ಮಾತಾಡಲು ಅವಕಾಶ ಕೊಡದೆ ಯಾವ ನ್ಯಾಯಾಲಯವೂ ಮೊಕದ್ದಮೆ ಹಿಂದೆಗೆತಕ್ಕೆ ಅನುಮತಿ ಕೊಡುವಂತಿಲ್ಲ. ಆ ಕಾಯಿದೆಯ ಬಗ್ಗೆ ನಮಗೆ ಬೇರೆ ತಕರಾರುಗಳಿವೆ. ಈ ಒಂದು ಸಾಲಿನ ಬಗ್ಗೆ ಇಲ್ಲ.

ಪೀಣ್ಯದ ಆ ಹುಡುಗ ಹದಿನೈದು ದಿನ ಬಿಟ್ಟು ನಮ್ಮ ಮನೆಗೆ ಬಂದ. ಅವನ ಅಕ್ಕನ ಗಂಡ ಅದೇ ಪ್ರಕರಣದ ಆರೋಪಿಯಂತೆ. ಆ ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುತ್ತಿದ್ದನಂತೆ. ವಿಚಾರಣೆ ಇನ್ನೂ ಮುಗಿದಿಲ್ಲ. ಕಾರ್ಖಾನೆಯ ಹಾಜರಾತಿ ಪುಸ್ತಕದ ನಕಲು ಸಿಕ್ಕೀತೇ ಎಂದು ಕೇಳಿದೆವು. "ಸಿಗುತ್ತೆ ಸಾಬ್, ಇಷ್ಟು ದಿನ ಯಾರೂ ಕೇಳಲಿಲ್ಲ" ಎಂದ. ರಾತ್ರಿ ಕುಳಿತು ಇನ್ನೊಂದು ಮನವಿ ಬರೆದೆವು: ವಿಚಾರಣೆಯನ್ನು ದಿನನಿತ್ಯ ನಡೆಸಬೇಕು, ಬಡ ಆರೋಪಿಗಳಿಗೆ ಒಳ್ಳೆಯ ವಕೀಲರನ್ನು ಕೊಡಬೇಕು, ಸುಟ್ಟ ಮನೆ ಮತ್ತು ವಾಹನಗಳವರಿಗೆ ಪರಿಹಾರ ಸಿಗಬೇಕು. ಅದಕ್ಕೆ ನಾವು ಸಹಿ ಹಾಕಿದೆವು. ಅರ್ಧ ಮಾತು ನಿಲ್ಲಿಸಿ ಹೋಗಿದ್ದ ಆ ಹಿರಿಯರ ಹತ್ತಿರ ಅವನು ಅದನ್ನು ತೆಗೆದುಕೊಂಡು ಹೋದಾಗ, ಅವರು ಕನ್ನಡಕ ತರಿಸಿ ಎರಡು ಸಲ ಓದಿಸಿಕೊಂಡರಂತೆ. ಸಹಿ ಹಾಕಿದರೋ ಇಲ್ಲವೋ ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ.