ಸಿಬ್ಬಂದಿ ಸಹಿತ ಹಾಯಿನೌಕಾ ವಿಹಾರ: ಆಯ್ಕೆಗೆ ಮುನ್ನ ಗಮನಿಸಬೇಕಾದ ಅಂಶಗಳು

(ಗ್ರೀಸ್ ಮತ್ತು ಕ್ರೊಯೇಷಿಯಾ ಪ್ರವಾಸಾರ್ಥಿಗಳ ಮಾಹಿತಿಗಾಗಿ)

ಗ್ರೀಸ್ ಹಾಗೂ ಕ್ರೊಯೇಷಿಯಾ ತೀರಗಳಲ್ಲಿ ಹಾಯಿನೌಕೆಗಳನ್ನು ಸಾಮಾನ್ಯವಾಗಿ ಶನಿವಾರದಿಂದ ಶನಿವಾರದವರೆಗೆ, ವಾರದ ಲೆಕ್ಕದಲ್ಲಿ ಬಾಡಿಗೆಗೆ ನೀಡಲಾಗುತ್ತದೆ. ಮುಂಗಡ ಪಾವತಿಸುವ ಮೊದಲು ಈ ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು ಸೂಕ್ತ.

1. ವಿಹಾರದ ಬಗೆಗಳು

(ಅ) ವಿಶ್ರಾಂತಿ ವಿಹಾರ: ಕಪ್ತಾನ, ಅಡುಗೆಯವರು ಮತ್ತು ಪರಿಚಾರಕರು ಸಕಲ ಕೆಲಸಗಳನ್ನೂ ನಿರ್ವಹಿಸುತ್ತಾರೆ. ಇಂಧನ, ಆಹಾರ ಹಾಗೂ ಬಂದರು ಶುಲ್ಕಗಳಿಗಾಗಿ ಬಾಡಿಗೆಯ ಸುಮಾರು ಶೇ. 25ರಿಂದ 35ರಷ್ಟು ಮೊತ್ತವನ್ನು ಪ್ರತ್ಯೇಕವಾಗಿ ಮುಂಗಡ ಪಡೆಯುವುದು ವಾಡಿಕೆ. ಪ್ರವಾಸದ ಕೊನೆಯಲ್ಲಿ ಖರ್ಚಿನ ಲೆಕ್ಕ ಪಡೆದು, ಉಳಿದ ಹಣವನ್ನು ಹಿಂಪಡೆಯತಕ್ಕದ್ದು.

(ಆ) ಭಾಗವಹಿಸುವ ವಿಹಾರ: ನೌಕೆಯಲ್ಲಿ ಸ್ಕಿಪ್ಪರ್ ಒಬ್ಬರೇ ಇರುತ್ತಾರೆ. ಹಾಯಿ ಏರಿಸುವುದು, ಹಗ್ಗ ಬಿಗಿಯುವುದು, ಲಂಗರು ಹಾಕುವುದು, ಸರದಿಯಂತೆ ಚುಕ್ಕಾಣಿ ಹಿಡಿಯುವುದು ಮತ್ತು ಅಡುಗೆ ಮಾಡುವುದು ಪ್ರವಾಸಿಗರ ಪಾಲಿನ ಕೆಲಸ. ಸ್ಕಿಪ್ಪರ್‌ರವರ ದಿನದ ಸಂಭಾವನೆ ಹಾಗೂ ಊಟದ ವೆಚ್ಚ ಸಾಮಾನ್ಯವಾಗಿ ಬಾಡಿಗೆದಾರರದ್ದೇ. ಅವರಿಗೆ ಒಂದು ಕೋಣೆ ಮೀಸಲಿಡಬೇಕಾಗುವುದರಿಂದ, 4 ಕೋಣೆಗಳ ನೌಕೆಯಲ್ಲಿ ಕುಟುಂಬಕ್ಕೆ 3 ಮಾತ್ರ ಉಳಿಯುತ್ತವೆ.

2. ಗಾಳಿ ಮತ್ತು ಸ್ಥಳ

ಏಜಿಯನ್ ಸಮುದ್ರದಲ್ಲಿ ಜುಲೈ–ಆಗಸ್ಟ್ ತಿಂಗಳುಗಳಲ್ಲಿ ಉತ್ತರದಿಂದ 'ಮೆಲ್ಟೆಮಿ' ಗಾಳಿ ಬಲವಾಗಿ ಬೀಸುತ್ತದೆ. ಕೆಲವೊಮ್ಮೆ ಬಂದರಿನಲ್ಲಿಯೇ ದಿನ ಕಳೆಯಬೇಕಾಗಬಹುದು. ಕಾರ್ಫು, ಲೆಫ್ಕಾಡಾ ದ್ವೀಪಗಳಿರುವ ಅಯೋನಿಯನ್ ಸಮುದ್ರದಲ್ಲಿ ಬೇಸಿಗೆಯ ಗಾಳಿ ಸೌಮ್ಯವಾಗಿದ್ದು, ಹೊಸಬರಿಗೆ ಅನುಕೂಲಕರ. ಕ್ರೊಯೇಷಿಯಾ ತೀರದಲ್ಲಿ ಈಶಾನ್ಯದ 'ಬುರಾ' ಗಾಳಿ ದಿಢೀರನೆ ಬೀಸುವುದುಂಟು.

3. ಯಾರಿಗೆ ಯಾವುದು ಸೂಕ್ತ

ವೃದ್ಧರು, ಚಿಕ್ಕ ಮಕ್ಕಳು ಅಥವಾ ಮಂಡಿನೋವುಳ್ಳವರು ಜೊತೆಯಲ್ಲಿದ್ದಲ್ಲಿ ವಿಶ್ರಾಂತಿ ವಿಹಾರವೇ ಲೇಸು. ನೌಕೆ ನಡೆಸಲು ಕಲಿಯುವ ಆಸಕ್ತಿಯಿದ್ದು, ಗುಂಪಿನಲ್ಲಿ ಕನಿಷ್ಠ ಇಬ್ಬರು ದೃಢಕಾಯರಿದ್ದಲ್ಲಿ ಎರಡನೆಯದನ್ನು ಆಯ್ದುಕೊಳ್ಳಬಹುದು. ಬಗೆ ಯಾವುದೇ ಇರಲಿ, ಈಜು ಬಾರದವರು ಆ ವಿಷಯವನ್ನು ಕಪ್ತಾನರಿಗೆ ಮೊದಲೇ ತಿಳಿಸಿ, ಜೀವರಕ್ಷಕ ಕವಚ ಧರಿಸತಕ್ಕದ್ದು.

4. ವೀಸಾ

ಗ್ರೀಸ್‌ಗೂ, 01-01-2023ರಂದು ಷೆಂಗೆನ್ ವಲಯ ಸೇರಿದ ಕ್ರೊಯೇಷಿಯಾಕ್ಕೂ ಭಾರತೀಯ ನಾಗರಿಕರು ಷೆಂಗೆನ್ ವೀಸಾ ಪಡೆಯತಕ್ಕದ್ದು. ಪ್ರವಾಸಕ್ಕೆ 6 ತಿಂಗಳು ಮುಂಚಿತವಾಗಿ ಅರ್ಜಿ ಸಲ್ಲಿಸಬಹುದಾಗಿದ್ದು, 15 ದಿನಗಳಿಗಿಂತ ತಡ ಮಾಡುವಂತಿಲ್ಲ. 11-06-2024ರಿಂದ ವಯಸ್ಕರ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವೈದ್ಯಕೀಯ ವಿಮೆ ಕಡ್ಡಾಯ.

ವಿಶೇಷ ಸೂಚನೆ: ಗ್ರೀಸ್‌ನ ಕೋಸ್‌ನಿಂದ ಟರ್ಕಿಯ ಬೋದ್ರುಮ್‌ಗೆ, ಅಥವಾ ಕ್ರೊಯೇಷಿಯಾದಿಂದ ಮಾಂಟೆನೆಗ್ರೊದ ಕೋಟೊರ್‌ಗೆ ನೌಕೆ ತೆರಳಿದಲ್ಲಿ ಷೆಂಗೆನ್ ವಲಯದಿಂದ ನಿರ್ಗಮಿಸಿದಂತಾಗುತ್ತದೆ. ಒಂದೇ ಪ್ರವೇಶದ ವೀಸಾ ಹೊಂದಿರುವವರಿಗೆ ಅದೇ ವೀಸಾದ ಮೇಲೆ ಮರುಪ್ರವೇಶ ದೊರೆಯುವುದಿಲ್ಲ. ಹಿಂದಿರುಗುವ ವಿಮಾನವೂ ಕೈತಪ್ಪಬಹುದು. ಆದುದರಿಂದ ನೌಕೆಯ ಮಾರ್ಗವನ್ನು ಮೊದಲು ಖಚಿತಪಡಿಸಿಕೊಂಡು, ಅಗತ್ಯವಿದ್ದಲ್ಲಿ ಬಹುಪ್ರವೇಶ ವೀಸಾ ಕೋರುವುದು. ಆ ದೇಶಗಳ ಪ್ರವೇಶ ನಿಯಮಗಳನ್ನೂ ಪ್ರತ್ಯೇಕವಾಗಿ ಪರಿಶೀಲಿಸುವುದು.

5. ಒಪ್ಪಂದ

ಸಿಬ್ಬಂದಿಯ ಸಂಖ್ಯೆ, ಅವರ ಕರ್ತವ್ಯಗಳು, ಭದ್ರತಾ ಠೇವಣಿ, ರದ್ದತಿ ನಿಯಮ ಹಾಗೂ ವೀಸಾ ನಿರಾಕರಣೆಯಾದಲ್ಲಿ ಹಣ ಮರುಪಾವತಿಯ ಷರತ್ತುಗಳನ್ನು ಲಿಖಿತವಾಗಿ ಪಡೆಯತಕ್ಕದ್ದು. ಬಾಯಿಮಾತಿನ ಭರವಸೆಯನ್ನು ಆಧರಿಸಿ ಹಣ ಪಾವತಿಸಬಾರದಾಗಿ ಕೋರಲಾಗಿದೆ.